ಫಾರ್ಮ್ 16 ಇಲ್ಲದ ಆದಾಯ ತೆರಿಗೆ ರಿಟರ್ನ್

ಸಂಬಳದಾರರಿಗೆ ಉದ್ಯೋಗದಾತರು ವರ್ಷಕ್ಕೊಮ್ಮೆ ಕೊಡಬೇಕಾದ ತೆರಿಗೆ ಕಡಿತದ ಪ್ರಮಾಣಪತ್ರವೇ ಫಾರ್ಮ್ 16. ಹಣಕಾಸು ವರ್ಷದಲ್ಲಿ ಎಷ್ಟು ಸಂಬಳ ಸಂದಾಯವಾಯಿತು, ಅದರಲ್ಲಿ ಎಷ್ಟು ತೆರಿಗೆಯನ್ನು ಮೂಲದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟಲಾಯಿತು ಎಂಬುದು ಇದರಲ್ಲಿ ದಾಖಲಾಗಿರುತ್ತದೆ. ಕಂಪನಿ ಬಾಗಿಲು ಹಾಕಿದಾಗ, ನೌಕರ ಮನಸ್ತಾಪದಿಂದ ಕೆಲಸ ಬಿಟ್ಟಾಗ, ಲೆಕ್ಕಪತ್ರ ವಿಭಾಗ ಉದಾಸೀನ ಮಾಡಿದಾಗ ಈ ಪತ್ರ ಕೈಸೇರುವುದಿಲ್ಲ. ಹಾಗೆಂದು ರಿಟರ್ನ್ ಸಲ್ಲಿಸುವ ಹೊಣೆ ತಪ್ಪದು. ಸಲ್ಲಿಸುವ ದಾರಿಯೂ ಮುಚ್ಚದು. ಕಾನೂನಿನ ಕಣ್ಣಿನಲ್ಲಿ ಫಾರ್ಮ್ 16 ಒಂದು ಸಾಕ್ಷಿ ಮಾತ್ರ. ಆ ಸಾಕ್ಷಿ ಬಾರದಿದ್ದರೆ ಬ್ಯಾಂಕ್ ಪಾಸ್‌ಬುಕ್, ಸಂಬಳ ಚೀಟಿ, ಭವಿಷ್ಯ ನಿಧಿಯ ಖಾತೆ, ಇಲಾಖೆಯದೇ ತೆರಿಗೆ ಪಟ್ಟಿ ಇವುಗಳಿಂದ ಅದೇ ಸಂಗತಿಯನ್ನು ತೋರಿಸಬಹುದು. ಈ ಲೇಖನ ಮುಖ್ಯವಾಗಿ 1961ರ ಆದಾಯ ತೆರಿಗೆ ಕಾಯ್ದೆಯ ಅಡಿಯ ವ್ಯವಸ್ಥೆಯನ್ನು ವಿವರಿಸುತ್ತದೆ. 2025–26ರ ಹಣಕಾಸು ವರ್ಷದ ಆದಾಯದವರೆಗೆ ಅನ್ವಯವಾಗುವುದು ಅದೇ ಕಾಯ್ದೆ.

ಹಿನ್ನೆಲೆ

ಭಾರತದಲ್ಲಿ ಆದಾಯ ತೆರಿಗೆ ಮೊದಲು ಬಂದದ್ದು 1860ರಲ್ಲಿ. 1857ರ ದಂಗೆಯ ನಂತರ ಬರಿದಾಗಿದ್ದ ಬೊಕ್ಕಸ ತುಂಬಲು ಜೇಮ್ಸ್ ವಿಲ್ಸನ್ ಇದನ್ನು ಜಾರಿಗೆ ತಂದರು. ಸಂಬಳ ಕೊಡುವವರೇ ತೆರಿಗೆ ಹಿಡಿದುಕೊಳ್ಳಬೇಕೆಂಬ ಕಟ್ಟಳೆ 1922ರ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿತ್ತು. ಮೈಸೂರು ಸಂಸ್ಥಾನ 1923ರಲ್ಲಿ ತನ್ನದೇ ಆದಾಯ ತೆರಿಗೆ ಕಾಯ್ದೆ ಮಾಡಿಕೊಂಡಿತ್ತು. 1950ರ ಏಪ್ರಿಲ್ 1ರಿಂದ ಅಲ್ಲಿಗೂ ಕೇಂದ್ರದ ಕಾನೂನು ವಿಸ್ತರಿಸಿತು. 1962ರ ಏಪ್ರಿಲ್ 1ರಂದು ಜಾರಿಯಾದ 1961ರ ಕಾಯ್ದೆಯಲ್ಲಿ ಸಂಬಳದ ಮೇಲಿನ ಕಡಿತಕ್ಕೆ ಸೆಕ್ಷನ್ 192, ಕಡಿತದ ಪ್ರಮಾಣಪತ್ರಕ್ಕೆ ಸೆಕ್ಷನ್ 203 ಮೀಸಲಾದವು. ಪ್ರಮಾಣಪತ್ರದ ನಮೂನೆ ಮತ್ತು ಗಡುವನ್ನು ಹೇಳುವುದು 1962ರ ಆದಾಯ ತೆರಿಗೆ ನಿಯಮಗಳ 31ನೇ ನಿಯಮ.

ಕಾಗದದ ಕಾಲದಲ್ಲಿ ರಿಟರ್ನ್ ಜೊತೆಗೆ ಮೂಲ ಪ್ರಮಾಣಪತ್ರವನ್ನೇ ಲಗತ್ತಿಸಬೇಕಿತ್ತು. ಅದು ಕಳೆದುಹೋದರೆ ಹಿಡಿದ ತೆರಿಗೆಯ ಲೆಕ್ಕ ಸಿಗುವುದೇ ಕಷ್ಟ. 2007ರಲ್ಲಿ ಲಗತ್ತುಗಳಿಲ್ಲದ ಹೊಸ ರಿಟರ್ನ್ ನಮೂನೆಗಳು ಬಂದ ಮೇಲೆ ಈ ಅವಲಂಬನೆ ಸಡಿಲವಾಯಿತು. ಇಂದು ದೇಶದ ರಿಟರ್ನ್‌ಗಳನ್ನು ಸಂಸ್ಕರಿಸುವ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ ಗಣಕಯಂತ್ರ ಯಾರ ಫಾರ್ಮ್ 16ನ್ನೂ ನೋಡುವುದಿಲ್ಲ. ರಿಟರ್ನ್‌ನಲ್ಲಿ ಬರೆದ ಅಂಕಿಗಳನ್ನು ಇಲಾಖೆಯ ತೆರಿಗೆ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ, ಅಷ್ಟೆ.

ಪ್ರಮಾಣಪತ್ರದ ರಚನೆ

ಫಾರ್ಮ್ 16ರಲ್ಲಿ ಎರಡು ಭಾಗಗಳಿವೆ. ‘ಎ’ ಭಾಗದಲ್ಲಿ ಉದ್ಯೋಗದಾತರ ಹೆಸರು, ಅವರ ಟ್ಯಾನ್ (ತೆರಿಗೆ ಕಡಿತ ಮಾಡುವವರ ಖಾತೆ ಸಂಖ್ಯೆ), ನೌಕರರ ಪ್ಯಾನ್ ಮತ್ತು ಮೂರು ಮೂರು ತಿಂಗಳ ಲೆಕ್ಕದಲ್ಲಿ ಹಿಡಿದ ಹಾಗೂ ಕಟ್ಟಿದ ತೆರಿಗೆ ಇರುತ್ತದೆ. ‘ಬಿ’ ಭಾಗದಲ್ಲಿ ಸಂಬಳದ ವಿಂಗಡಣೆ, ವಿನಾಯಿತಿಗಳು, ಕಡಿತಗಳು ಮತ್ತು ತೆರಿಗೆಯ ಲೆಕ್ಕಾಚಾರ ಇರುತ್ತವೆ. 2018–19ರ ಹಣಕಾಸು ವರ್ಷದಿಂದ ಎರಡೂ ಭಾಗಗಳನ್ನು ಇಲಾಖೆಯ ಟ್ರೇಸಸ್ ಜಾಲತಾಣದಿಂದಲೇ ಇಳಿಸಿಕೊಡಬೇಕೆಂಬ ನಿಯಮವಿದೆ. ಕಚೇರಿಯ ಲೆಟರ್‌ಹೆಡ್ ಮೇಲೆ ಟೈಪು ಮಾಡಿ ಸಹಿ ಹಾಕಿದ ಪತ್ರವನ್ನು ಫಾರ್ಮ್ 16 ಎನ್ನಲಾಗದು.

ಈ ಪತ್ರ ಸರಪಳಿಯೊಂದರ ಕೊನೆಯ ಕೊಂಡಿ. ಉದ್ಯೋಗದಾತರು ತಿಂಗಳ ಸಂಬಳದಲ್ಲಿ ಹಿಡಿದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30ರವರೆಗೆ ಅವಕಾಶವಿದೆ. ಮೂರು ತಿಂಗಳಿಗೊಮ್ಮೆ ಫಾರ್ಮ್ 24ಕ್ಯೂ ಎಂಬ ವಿವರಪಟ್ಟಿ ಸಲ್ಲಿಸಬೇಕು. ಅದರ ಗಡುವು ಕ್ರಮವಾಗಿ ಜುಲೈ 31, ಅಕ್ಟೋಬರ್ 31, ಜನವರಿ 31 ಮತ್ತು ಮೇ 31. ಕೊನೆಯ ಪಟ್ಟಿಯಲ್ಲಿ ಪ್ರತಿ ನೌಕರರ ಇಡೀ ವರ್ಷದ ಸಂಬಳದ ವಿವರ ಸೇರಿರುತ್ತದೆ. ಅದು ಸಲ್ಲಿಕೆಯಾದ ಮೇಲೆ ಜೂನ್ 15ರೊಳಗೆ ಫಾರ್ಮ್ 16 ಕೊಡಬೇಕು. ಹಿಂದಿನ ಯಾವ ಕೊಂಡಿ ಕಳಚಿದರೂ ನೌಕರರಿಗೆ ಪತ್ರ ಬರುವುದಿಲ್ಲ. ತೆರಿಗೆಯನ್ನೇ ಕಟ್ಟದವರು ಪಟ್ಟಿ ಕೊಡಲಾರರು. ಪಟ್ಟಿ ಕೊಡದವರಿಗೆ ಪ್ರಮಾಣಪತ್ರ ಇಳಿಸಿಕೊಳ್ಳಲು ಆಗದು.

ಸರ್ಕಾರಿ ಕಚೇರಿಗಳಲ್ಲಿ ಸರಪಳಿ ಸ್ವಲ್ಪ ಬೇರೆ. ಅಲ್ಲಿ ತೆರಿಗೆ ಚಲನ್ ಮೂಲಕ ಹೋಗದೆ ಖಜಾನೆಯ ಪುಸ್ತಕ ಹೊಂದಾಣಿಕೆಯಿಂದ ಜಮೆಯಾಗುವುದುಂಟು. ಖಜಾನೆ ಫಾರ್ಮ್ 24ಜಿ ಸಲ್ಲಿಸಿ ಪಡೆದ ಗುರುತಿನ ಸಂಖ್ಯೆಯನ್ನು ಬಟವಾಡೆ ಅಧಿಕಾರಿ ತಮ್ಮ 24ಕ್ಯೂನಲ್ಲಿ ಸರಿಯಾಗಿ ನಮೂದಿಸಬೇಕು. ಸಂಖ್ಯೆ ತಾಳೆಯಾಗದಿದ್ದರೆ ಸಂಬಳದಲ್ಲಿ ತೆರಿಗೆ ಹಿಡಿದಿದ್ದರೂ ನೌಕರರ ಹೆಸರಿಗೆ ಅದು ಏರುವುದಿಲ್ಲ.

ಪತ್ರ ಸಿಗದಿರಲು ಕಾರಣಗಳು

ಎಲ್ಲ ಸಂದರ್ಭಗಳಲ್ಲೂ ಉದ್ಯೋಗದಾತರ ತಪ್ಪೇ ಇರುತ್ತದೆ ಎನ್ನುವಂತಿಲ್ಲ. ಸೆಕ್ಷನ್ 203ರ ಬಾಧ್ಯತೆ ಹುಟ್ಟುವುದು ತೆರಿಗೆ ಹಿಡಿದಾಗ ಮಾತ್ರ. ಸಂಬಳ ತೆರಿಗೆಯ ಮಿತಿಯೊಳಗಿದ್ದು ಒಂದು ರೂಪಾಯಿಯೂ ಕಡಿತವಾಗದಿದ್ದರೆ ಫಾರ್ಮ್ 16 ಕೊಡಲೇಬೇಕೆಂದಿಲ್ಲ.

ಎರಡನೆಯದು ‘ಕನ್ಸಲ್ಟೆಂಟ್’ ಎಂಬ ಹೆಸರಿನ ನೇಮಕ. ದಿನವೂ ಕಚೇರಿಗೆ ಹೋಗಿ ತಿಂಗಳಿಗೊಮ್ಮೆ ನಿಗದಿತ ಹಣ ಪಡೆದರೂ, ಕಂಪನಿ ಸೆಕ್ಷನ್ 192ರ ಬದಲು ವೃತ್ತಿ ಶುಲ್ಕದ ಸೆಕ್ಷನ್ 194ಜೆ ಅಡಿಯಲ್ಲಿ ಶೇ 10 ಹಿಡಿದಿದ್ದರೆ ಬರುವುದು ಫಾರ್ಮ್ 16ಎ. ಇಂಥವರು ತಮ್ಮನ್ನು ಸಂಬಳದಾರರೆಂದು ಭಾವಿಸಿ ಜೂನ್ ಪೂರ್ತಿ ಫಾರ್ಮ್ 16ರ ದಾರಿ ಕಾಯುತ್ತಾರೆ. ಇಲಾಖೆಯ ದಾಖಲೆಯಲ್ಲಿ ಅವರ ಆದಾಯ ವೃತ್ತಿಯ ಆದಾಯವಾಗಿರುತ್ತದೆ. ರಿಟರ್ನ್ ನಮೂನೆಯೂ ಬೇರೆ.

ಮೂರನೆಯದು ಪ್ಯಾನ್ ದೋಷ. ಒಂದು ಅಕ್ಷರ ತಪ್ಪಿದರೂ ತೆರಿಗೆ ಬೇರೊಬ್ಬರ ಖಾತೆಗೆ ಹೋಗುತ್ತದೆ, ಇಲ್ಲವೆ ಯಾರ ಖಾತೆಗೂ ಸೇರದೆ ಉಳಿಯುತ್ತದೆ. ಇದನ್ನು ಉದ್ಯೋಗದಾತರು ತಿದ್ದುಪಡಿ ಪಟ್ಟಿ ಸಲ್ಲಿಸಿಯೇ ಸರಿಪಡಿಸಬೇಕು.

ಉಳಿದವು ನಿಜವಾದ ಲೋಪಗಳು. ಕೆಲಸ ಬಿಟ್ಟವರ ಮೇಲಿನ ಸಿಟ್ಟಿಗೆ ಪತ್ರ ತಡೆಹಿಡಿಯುವುದು, ನೋಟಿಸ್ ಅವಧಿಯ ಬಾಕಿ ಕೊಟ್ಟರಷ್ಟೇ ಕೊಡುತ್ತೇವೆನ್ನುವುದು, ಕಂಪನಿ ಮುಳುಗುವುದು, ಹಿಡಿದ ತೆರಿಗೆಯನ್ನು ಬಾಡಿಗೆಗೋ ಸಾಲದ ಕಂತಿಗೋ ತಿರುಗಿಸಿಕೊಳ್ಳುವುದು. ನೋಟಿಸ್ ಅವಧಿಯ ಜಗಳಕ್ಕೂ ಫಾರ್ಮ್ 16ಕ್ಕೂ ಕಾನೂನಿನಲ್ಲಿ ಯಾವ ನಂಟೂ ಇಲ್ಲ. ತೆರಿಗೆ ಹಿಡಿದ ಮೇಲೆ ಪತ್ರ ಕೊಡುವುದು ಶಾಸನದ ಕಟ್ಟಳೆ. ಅದನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ.

ಬದಲಿ ದಾಖಲೆಗಳು

ಮೊದಲು ನೋಡಬೇಕಾದದ್ದು ಫಾರ್ಮ್ 26ಎಎಸ್. ಇದು ಪ್ಯಾನ್ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ. ಇ-ಫೈಲಿಂಗ್ ಪೋರ್ಟಲ್‌ನಿಂದ ಟ್ರೇಸಸ್‌ಗೆ ಹೋಗಿ ತೆರೆಯಬಹುದು. ಪ್ರತಿ ಸಾಲಿನಲ್ಲೂ ಕಡಿತ ಮಾಡಿದವರ ಟ್ಯಾನ್, ಸೆಕ್ಷನ್, ಸಂದಾಯದ ದಿನಾಂಕ, ಮೊತ್ತ, ತೆರಿಗೆ ಮತ್ತು ಒಂದು ಇಂಗ್ಲಿಷ್ ಅಕ್ಷರ ಇರುತ್ತವೆ. ಅಕ್ಷರ ‘ಎಫ್’ ಆಗಿದ್ದರೆ ಜಮೆ ಅಂತಿಮ. ‘ಯು’ ಆಗಿದ್ದರೆ ಉದ್ಯೋಗದಾತರು ಪಟ್ಟಿ ಕೊಟ್ಟಿದ್ದರೂ ಹಣ ತಾಳೆಯಾಗಿಲ್ಲ ಎಂದರ್ಥ. ಟ್ಯಾನ್ ಹತ್ತು ಅಕ್ಷರ–ಅಂಕಿಗಳ ಸಂಖ್ಯೆ. ಮೊದಲ ಮೂರು ಅಕ್ಷರಗಳು ಊರಿನ ಸಂಕೇತ. ಬೆಂಗಳೂರಿನವು ‘ಬಿಎಲ್‌ಆರ್’ ಎಂದು ಶುರುವಾಗುತ್ತವೆ. ರಿಟರ್ನ್ ತುಂಬುವಾಗ ಅಗತ್ಯವಾಗಿ ಬೇಕಾಗುವ ಸಂಖ್ಯೆ ಇದೇ. 26ಎಎಸ್‌ನಲ್ಲಿ ಸಿಗದಿದ್ದರೆ ಹಳೆಯ ವರ್ಷದ ಫಾರ್ಮ್ 16ರಲ್ಲಿ ಸಿಗುತ್ತದೆ. ಪೋರ್ಟಲ್‌ನಲ್ಲಿ ಉದ್ಯೋಗದಾತರ ಹೆಸರು ಕೊಟ್ಟು ಹುಡುಕುವ ಸೌಲಭ್ಯವೂ ಇದೆ.

ಎರಡನೆಯದು 2021ರ ನವೆಂಬರ್‌ನಲ್ಲಿ ಬಂದ ವಾರ್ಷಿಕ ಮಾಹಿತಿ ವಿವರಣೆ, ಜನರ ಬಾಯಲ್ಲಿ ಎಐಎಸ್. ಸಂಬಳವಲ್ಲದೆ ಬ್ಯಾಂಕ್ ಬಡ್ಡಿ, ಡಿವಿಡೆಂಡ್, ಷೇರು ವ್ಯವಹಾರವೂ ಇದರಲ್ಲಿ ಕಾಣುತ್ತವೆ. ತಪ್ಪು ಕಂಡರೆ ಅಲ್ಲಿಯೇ ಪ್ರತಿಕ್ರಿಯೆ ದಾಖಲಿಸಬಹುದು. ಆದರೆ ಇವೆರಡೂ ಉದ್ಯೋಗದಾತರು ಕೊಟ್ಟ ಮಾಹಿತಿಯ ಕನ್ನಡಿಗಳು. ಅವರು ಏನನ್ನೂ ಕೊಡದಿದ್ದರೆ ಕನ್ನಡಿ ಖಾಲಿ. ಹಾಗೆಂದು ಸಂಬಳವೇ ಬಂದಿಲ್ಲ ಎಂದಾಗದು.

ಉದ್ಯೋಗದಾತರ ಕೈ ತಪ್ಪಿಯೂ ನೌಕರರ ಬಳಿ ಉಳಿಯುವ ಸಾಕ್ಷಿಗಳು ಮೂರು: ಸಂಬಳ ಚೀಟಿ, ಬ್ಯಾಂಕ್ ಖಾತೆಯ ವಿವರ, ಭವಿಷ್ಯ ನಿಧಿಯ ಪಾಸ್‌ಬುಕ್. ನೇಮಕಾತಿ ಪತ್ರ ಮತ್ತು ಸಂಬಳ ಏರಿಕೆಯ ಪತ್ರ ಇವಕ್ಕೆ ಬೆಂಬಲ. ಸಂಬಳ ಚೀಟಿ ಕಂಪನಿಯ ಪೋರ್ಟಲ್‌ನಲ್ಲಿದ್ದರೆ ಕೆಲಸ ಬಿಟ್ಟ ದಿನವೇ ಲಾಗಿನ್ ಮುಚ್ಚಿಹೋಗುವುದು ಸಾಮಾನ್ಯ. ರಾಜೀನಾಮೆ ಕೊಡುವ ಮುನ್ನ ಹನ್ನೆರಡೂ ತಿಂಗಳ ಚೀಟಿಗಳನ್ನು ಇಳಿಸಿಟ್ಟುಕೊಂಡವರಿಗೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಲೆಕ್ಕ ಕಟ್ಟುವ ಬಗೆ

ಚೀಟಿಗಳೂ ಇಲ್ಲದಾಗ ಕೈಗೆ ಬಂದ ಹಣದಿಂದ ಒಟ್ಟು ಸಂಬಳಕ್ಕೆ ಹಿಮ್ಮುಖವಾಗಿ ಹೋಗಬೇಕು. ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು.

2025–26ರಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ದುಡಿದ ನೌಕರರೊಬ್ಬರ ಬ್ಯಾಂಕ್ ಖಾತೆಗೆ ಪ್ರತಿ ತಿಂಗಳು 1,09,475 ರೂಪಾಯಿ ಬಂದಿದೆ. ಫೆಬ್ರುವರಿಯಲ್ಲಿ ಮಾತ್ರ 1,09,375. ಈ ನೂರು ರೂಪಾಯಿ ಕೊರತೆಗೆ ಕಾರಣ ವೃತ್ತಿ ತೆರಿಗೆ. ಕರ್ನಾಟಕದಲ್ಲಿ ಅದು ಹನ್ನೊಂದು ತಿಂಗಳು 200 ರೂಪಾಯಿ, 2025ರ ಏಪ್ರಿಲ್‌ನ ಬದಲಾವಣೆಯ ನಂತರ ಫೆಬ್ರುವರಿಯಲ್ಲಿ 300, ವರ್ಷಕ್ಕೆ 2,500. ಭವಿಷ್ಯ ನಿಧಿಯ ಪಾಸ್‌ಬುಕ್‌ನಲ್ಲಿ ನೌಕರರ ಪಾಲು ತಿಂಗಳಿಗೆ 7,200 ಎಂದಿದೆ. ಈ ಪಾಲು ಮೂಲ ವೇತನದ ಶೇ 12. ಆದ್ದರಿಂದ ಮೂಲ ವೇತನ 60,000. (ಪಾಸ್‌ಬುಕ್‌ನಲ್ಲಿ 1,800 ಎಂದಷ್ಟೇ ಇದ್ದರೆ ಈ ದಾರಿ ಮುಚ್ಚಿದಂತೆ, ಕಂಪನಿ ಶಾಸನದ ಮಿತಿಯಾದ 15,000 ರೂಪಾಯಿಗೆ ಮಾತ್ರ ಪಾಲು ಕಟ್ಟಿರುತ್ತದೆ.) 26ಎಎಸ್‌ನಲ್ಲಿ ಮೊದಲ ಎರಡು ತ್ರೈಮಾಸಿಕಗಳಿಗೆ ತಲಾ 24,375 ರೂಪಾಯಿ ತೆರಿಗೆ, ಅಂದರೆ ತಿಂಗಳಿಗೆ 8,125 ಕಾಣುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಏನೂ ಇಲ್ಲ.

ಈಗ ಕೂಡಿಸಬೇಕು: 1,09,475 + 7,200 + 200 + 8,125 = 1,25,000. ಇದೇ ತಿಂಗಳ ಒಟ್ಟು ಸಂಬಳ, ವರ್ಷಕ್ಕೆ 15,00,000. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14,25,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ 5ರಂತೆ 20,000. 8ರಿಂದ 12 ಲಕ್ಷದವರೆಗೆ ಶೇ 10ರಂತೆ 40,000. ಉಳಿದ 2,25,000ಕ್ಕೆ ಶೇ 15ರಂತೆ 33,750. ಒಟ್ಟು 93,750, ಶೇ 4 ಸೆಸ್ ಸೇರಿ 97,500. ಇದನ್ನು ಹನ್ನೆರಡರಿಂದ ಭಾಗಿಸಿದರೆ 8,125. ಹಿಮ್ಮುಖವಾಗಿ ಕಟ್ಟಿದ ಲೆಕ್ಕ ಕಂಪನಿ ಹಿಡಿದ ಮೊತ್ತಕ್ಕೆ ಸರಿಹೊಂದಿತು.

ಈ ಉದಾಹರಣೆಯ ತಿರುಳು ಅಕ್ಟೋಬರ್‌ನ ಸಾಲಿನಲ್ಲಿದೆ. ಇಲಾಖೆಯ ಪಟ್ಟಿಯಲ್ಲಿ ಆ ತಿಂಗಳ ತೆರಿಗೆ ಕಾಣದು. ಆದರೂ ಬ್ಯಾಂಕಿಗೆ ಬಂದ ಹಣ ಜೂನ್‌ನಲ್ಲಿ ಬಂದಷ್ಟೇ ಇದೆ. ಕಂಪನಿ ತೆರಿಗೆ ಹಿಡಿಯುವುದನ್ನು ನಿಲ್ಲಿಸಿದ್ದರೆ ಖಾತೆಗೆ 8,125 ಹೆಚ್ಚು ಬರಬೇಕಿತ್ತು. ಬಂದಿಲ್ಲ. ಹಾಗಾಗಿ ತೆರಿಗೆ ಹಿಡಿಯಲಾಗಿದೆ, ಕಟ್ಟಲಾಗಿಲ್ಲ. ಮುಂದೆ ವಿವಾದ ಎದ್ದರೆ ಈ ಒಂದು ಸಾಲಿನ ಹೋಲಿಕೆ ನೌಕರರ ಪರವಾಗಿ ನಿಲ್ಲುತ್ತದೆ.

ರಿಟರ್ನ್ ತುಂಬುವಾಗ

ಪೋರ್ಟಲ್ ಮುಂಚಿತವಾಗಿ ತುಂಬಿಕೊಡುವ ಅಂಕಿಗಳು 24ಕ್ಯೂನಿಂದ ಬರುವುದರಿಂದ, ಕೊನೆಯ ತ್ರೈಮಾಸಿಕದ ಪಟ್ಟಿ ಸಲ್ಲಿಕೆಯಾಗದಿದ್ದರೆ ಅವು ಅಪೂರ್ಣ. ಸಂಬಳದ ಸಾಲನ್ನು ಕೈಯಾರೆ ತಿದ್ದಬೇಕು. ತೆರಿಗೆ ಕಡಿತದ ಪಟ್ಟಿಯಲ್ಲಿ ಟ್ಯಾನ್, ಉದ್ಯೋಗದಾತರ ಹೆಸರು, ಸಂಬಳ ಮತ್ತು ಹಿಡಿದ ತೆರಿಗೆಯನ್ನು ಸೇರಿಸಬೇಕು. ಪೋರ್ಟಲ್ ಇದಕ್ಕೆ ಅವಕಾಶ ಕೊಡುತ್ತದೆ. ಯಾವ ಕಾಗದವನ್ನೂ ಲಗತ್ತಿಸಬೇಕಾಗಿಲ್ಲ, ಆದರೆ ಲೆಕ್ಕ ಕಟ್ಟಿದ ಹಾಳೆ ಮತ್ತು ಆಧಾರಗಳನ್ನು ಜೋಪಾನವಾಗಿಡಬೇಕು.

ಸಂಬಳ ಕೈಗೆ ಬಾರದಿದ್ದರೆ ತೆರಿಗೆಯೂ ಇಲ್ಲ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಸೆಕ್ಷನ್ 15ರ ಪ್ರಕಾರ ಸಂಬಳ ಸಲ್ಲಬೇಕಾದಾಗ ಅಥವಾ ಸಂದಾಗ, ಯಾವುದು ಮೊದಲೋ ಆಗ, ತೆರಿಗೆಗೆ ಒಳಪಡುತ್ತದೆ. ಕಂಪನಿ ಬಾಕಿ ಉಳಿಸಿಕೊಂಡ ಮೂರು ತಿಂಗಳ ಸಂಬಳವೂ ಆ ವರ್ಷದ ಆದಾಯವೇ. ಆದರೆ ಉದ್ಯೋಗದಾತರು ತೆರಿಗೆ ಹಿಡಿಯಬೇಕಾದದ್ದು ಸಂಬಳ ಕೊಡುವಾಗ. ಹೀಗಾಗಿ ಕೈಗೆ ಬಾರದ ಹಣಕ್ಕೆ ನೌಕರರೇ ತೆರಿಗೆ ಕಟ್ಟಬೇಕಾದ ವಿಚಿತ್ರ ಪ್ರಸಂಗ ಎದುರಾಗಬಹುದು.

ವರ್ಷದ ನಡುವೆ ಕೆಲಸ ಬದಲಿಸಿದವರ ತೊಂದರೆ ಬೇರೆ ಬಗೆಯದು. ಹಳೆಯ ಸಂಬಳದ ವಿವರವನ್ನು ಫಾರ್ಮ್ 12ಬಿ ಮೂಲಕ ಹೊಸ ಕಂಪನಿಗೆ ಕೊಡದಿದ್ದರೆ, ಎರಡೂ ಕಡೆ ತೆರಿಗೆರಹಿತ ಮಿತಿಯನ್ನೂ ಸ್ಟ್ಯಾಂಡರ್ಡ್ ಡಿಡಕ್ಷನ್‌ನ್ನೂ ಲೆಕ್ಕ ಹಾಕಿ ಕಡಿಮೆ ತೆರಿಗೆ ಹಿಡಿದಿರುತ್ತಾರೆ. ಹಳೆಯ ಕಂಪನಿಯ ಫಾರ್ಮ್ 16 ಸಿಗಲಿಲ್ಲವೆಂದು ಹೊಸದೊಂದನ್ನೇ ಹಿಡಿದು ರಿಟರ್ನ್ ಹಾಕಿದರೆ ಎಐಎಸ್‌ನಲ್ಲಿ ಹಳೆಯ ಸಂಬಳ ಕಾಣಿಸಿಕೊಂಡು ನೋಟಿಸ್ ಬರುವುದು ಖಚಿತವೆಂದೇ ತಿಳಿಯಬೇಕು.

ಹಳೆಯ ತೆರಿಗೆ ಪದ್ಧತಿ ಆರಿಸಿಕೊಳ್ಳುವವರಿಗೆ ಮನೆ ಬಾಡಿಗೆ ಭತ್ಯೆ, ಜೀವವಿಮೆ, ಗೃಹಸಾಲದ ಬಡ್ಡಿ ಮೊದಲಾದ ವಿನಾಯಿತಿಗಳು ಫಾರ್ಮ್ 16 ಇಲ್ಲದೆಯೂ ಸಿಗುತ್ತವೆ. ಉದ್ಯೋಗದಾತರಿಗೆ ರಸೀದಿ ಕೊಡಲು ಮರೆತವರೂ ನೇರವಾಗಿ ರಿಟರ್ನ್‌ನಲ್ಲಿ ಕೇಳಬಹುದು. ಬಾಡಿಗೆ ಭತ್ಯೆಯ ಲೆಕ್ಕಕ್ಕೆ ಮೂಲ ವೇತನ ಗೊತ್ತಿರಲೇಬೇಕು. 1962ರ ನಿಯಮಗಳಲ್ಲಿ ಶೇ 50ರ ಮಿತಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ ಶೇ 40. ವೃತ್ತಿ ತೆರಿಗೆಯ ಕಡಿತವೂ ಹಳೆಯ ಪದ್ಧತಿಯಲ್ಲಷ್ಟೇ ಸಿಗುತ್ತದೆ.

ಸಲ್ಲಿಸಿದ ರಿಟರ್ನನ್ನು 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ಅಥವಾ ಸಹಿ ಮಾಡಿದ ಸ್ವೀಕೃತಿ ಪತ್ರವನ್ನು ಬೆಂಗಳೂರಿನ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸಿ ದೃಢೀಕರಿಸಬೇಕು.

ಹಿಡಿದು ಕಟ್ಟದ ತೆರಿಗೆ

ಇಡೀ ವಿಷಯದ ಅತ್ಯಂತ ಕಗ್ಗಂಟಿನ ಭಾಗ ಇದು. ಇಲ್ಲಿ ಎರಡು ಸ್ಥಿತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಉದ್ಯೋಗದಾತರು ತೆರಿಗೆಯನ್ನು ಹಿಡಿದೇ ಇಲ್ಲ, ಪೂರ್ತಿ ಸಂಬಳ ಕೊಟ್ಟಿದ್ದಾರೆ ಎಂದಾದರೆ ಸೆಕ್ಷನ್ 191ರಂತೆ ತೆರಿಗೆ ಕಟ್ಟುವ ಹೊಣೆ ನೌಕರರದೇ. ಹಿಡಿದು ಕಟ್ಟದಿದ್ದರೆ ಸೆಕ್ಷನ್ 205 ಅಡ್ಡ ಬರುತ್ತದೆ: ಮೂಲದಲ್ಲಿ ಹಿಡಿದಷ್ಟು ತೆರಿಗೆಯನ್ನು ಮತ್ತೆ ಆ ವ್ಯಕ್ತಿಯಿಂದ ನೇರವಾಗಿ ಕೇಳುವಂತಿಲ್ಲ.

ನ್ಯಾಯಾಲಯಗಳು ಈ ಸೆಕ್ಷನ್‌ಗೆ ಬಲ ಕೊಟ್ಟಿವೆ. ಬಾಡಿಗೆಯಲ್ಲಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟದ ಪ್ರಕರಣವೊಂದರಲ್ಲಿ, ವಸೂಲಿಯನ್ನು ಹಿಡಿದವರಿಂದ ಮಾಡಬೇಕೇ ಹೊರತು ಬಾಡಿಗೆ ಪಡೆದವರಿಂದಲ್ಲ ಎಂದು ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪು 2005ರ ಕಾನೂನು ವರದಿಗಳಲ್ಲಿದೆ. 2007ರಲ್ಲಿ ವರದಿಯಾದ ಬಾಂಬೆ ಹೈಕೋರ್ಟ್ ತೀರ್ಪು ನೇರವಾಗಿ ಫಾರ್ಮ್ 16ಕ್ಕೆ ಸಂಬಂಧಿಸಿದ್ದು. ಉದ್ಯೋಗದಾತರು ಸಂಬಳದಲ್ಲಿ ತೆರಿಗೆ ಹಿಡಿದು ಪ್ರಮಾಣಪತ್ರ ಕೊಟ್ಟಿರಲಿಲ್ಲ. ಹಿಡಿದದ್ದು ರುಜುವಾತಾದ ಮೇಲೆ, ಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ನೌಕರರಿಂದ ವಸೂಲು ಮಾಡಲಾಗದು ಎಂದು ನ್ಯಾಯಾಲಯ ಹೇಳಿತು.

ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಹೊಂದಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಸಿಬ್ಬಂದಿಯ ಸಂಬಳದಲ್ಲಿ ಹಿಡಿದ ತೆರಿಗೆಯನ್ನು ಅದು ಪೂರ್ತಿಯಾಗಿ ಕಟ್ಟಿರಲಿಲ್ಲ. ಅಲ್ಲಿ ಪೈಲಟ್ ಆಗಿದ್ದವರೊಬ್ಬರಿಗೆ ಇಲಾಖೆ ತೆರಿಗೆ ಬೇಡಿಕೆ ಕಳುಹಿಸಿತ್ತು. 2021ರ ನವೆಂಬರ್‌ನಲ್ಲಿ ಗುಜರಾತ್ ಹೈಕೋರ್ಟ್, ಹಿಡಿದ ತೆರಿಗೆಯ ಲೆಕ್ಕವನ್ನು ಪೈಲಟ್‌ಗೆ ಕೊಡಬೇಕು, ವಸೂಲಿ ಮಾಡುವುದಿದ್ದರೆ ಕಂಪನಿಯಿಂದ ಮಾಡಬೇಕು ಎಂದು ಆದೇಶಿಸಿತು. ಬೇಡಿಕೆಯನ್ನು ನೇರವಾಗಿ ವಸೂಲು ಮಾಡದೆ ಮುಂದಿನ ವರ್ಷಗಳ ಮರುಪಾವತಿಯಲ್ಲಿ ಮುರಿದುಕೊಳ್ಳುವುದೂ ಸಲ್ಲದು ಎಂದು 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು.

ಕೇಂದ್ರ ನೇರ ತೆರಿಗೆಗಳ ಮಂಡಳಿಯೂ 2015ರ ಜೂನ್ 1ರ ಸೂಚನೆಯಲ್ಲಿ ಮತ್ತು 2016ರ ಮಾರ್ಚ್ 11ರ ಜ್ಞಾಪನದಲ್ಲಿ, ಇಂಥ ಬೇಡಿಕೆಗಳನ್ನು ಬಲವಂತದಿಂದ ವಸೂಲು ಮಾಡಬಾರದೆಂದು ಅಧಿಕಾರಿಗಳಿಗೆ ತಿಳಿಸಿದೆ. ಆದರೂ ಸಂಸ್ಕರಣಾ ಕೇಂದ್ರದ ಯಂತ್ರ 26ಎಎಸ್‌ನಲ್ಲಿ ಇಲ್ಲದ ತೆರಿಗೆಗೆ ಲೆಕ್ಕ ಕೊಡದೆ ಸೆಕ್ಷನ್ 143(1)ರ ಸೂಚನೆಯಲ್ಲಿ ಬೇಡಿಕೆ ಹಾಕುತ್ತದೆ. ಮೇಲಿನ ಉದಾಹರಣೆಯ ನೌಕರರಿಗೆ 48,750 ರೂಪಾಯಿ ಮತ್ತು ಬಡ್ಡಿ ಕೇಳಿ ಪತ್ರ ಬರುತ್ತದೆ. ಆಗ ಸುಮ್ಮನಿರಬಾರದು. ಪೋರ್ಟಲ್‌ನಲ್ಲಿ ಬೇಡಿಕೆಗೆ ಅಸಮ್ಮತಿ ದಾಖಲಿಸಿ, ಸೆಕ್ಷನ್ 154ರ ಅಡಿ ತಿದ್ದುಪಡಿ ಕೋರಿ, ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಸಂಬಳ ಚೀಟಿ ಮತ್ತು ಬ್ಯಾಂಕ್ ವಿವರ ಸಹಿತ ಬರೆಯಬೇಕು. ಯಂತ್ರಕ್ಕೆ ಸೆಕ್ಷನ್ 205 ಓದಲು ಬಾರದು, ಅಧಿಕಾರಿಗೆ ಬರುತ್ತದೆ.

ಉದ್ಯೋಗದಾತರ ಮೇಲಿನ ಕ್ರಮ

ಪ್ರಮಾಣಪತ್ರ ಕೊಡದಿದ್ದರೆ ಸೆಕ್ಷನ್ 272ಎ(2) ಪ್ರಕಾರ ದಿನಕ್ಕೆ 500 ರೂಪಾಯಿ ದಂಡ. ಒಟ್ಟು ದಂಡ ಹಿಡಿಯಬೇಕಾದ ತೆರಿಗೆಯನ್ನು ಮೀರುವಂತಿಲ್ಲ. 2022ರ ಹಣಕಾಸು ಕಾಯ್ದೆಗೆ ಮೊದಲು ಇದು ದಿನಕ್ಕೆ 100 ಇತ್ತು. ತ್ರೈಮಾಸಿಕ ಪಟ್ಟಿ ತಡವಾದರೆ ಸೆಕ್ಷನ್ 234ಇ ಅಡಿ ದಿನಕ್ಕೆ 200 ರೂಪಾಯಿ ಶುಲ್ಕ. ಹಿಡಿದು ಕಟ್ಟದ ತೆರಿಗೆಗೆ ಸೆಕ್ಷನ್ 201ರಂತೆ ತಿಂಗಳಿಗೆ ಶೇ 1.5 ಬಡ್ಡಿ. ಇವೆಲ್ಲಕ್ಕಿಂತ ಕಠಿಣವಾದದ್ದು ಸೆಕ್ಷನ್ 276ಬಿ: ಹಿಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದವರಿಗೆ ಮೂರು ತಿಂಗಳಿಂದ ಏಳು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ದಂಡ.

ಈ ದಂಡಗಳಲ್ಲಿ ಯಾವುದೂ ನೌಕರರ ಕೈಗೆ ಬರುವುದಿಲ್ಲ. ಆದರೂ ದೂರಿನ ಬೆಲೆ ಇದೆ. ಮೊದಲು ಮಾನವ ಸಂಪನ್ಮೂಲ ಅಥವಾ ಲೆಕ್ಕಪತ್ರ ವಿಭಾಗಕ್ಕೆ ಇಮೇಲ್‌ನಲ್ಲಿ ಕೇಳಿ ಉತ್ತರಕ್ಕೆ ದಿನಾಂಕ ಕೊಡಬೇಕು. ನಂತರ ನೋಂದಾಯಿತ ಅಂಚೆ. ಅದಕ್ಕೂ ಉತ್ತರವಿಲ್ಲದಿದ್ದರೆ ಕಂಪನಿಯ ಟ್ಯಾನ್ ಯಾರ ವ್ಯಾಪ್ತಿಯಲ್ಲಿದೆಯೋ ಆ ಟಿಡಿಎಸ್ (ಮೂಲದಲ್ಲಿ ತೆರಿಗೆ ಕಡಿತ) ಅಧಿಕಾರಿಗೆ ದೂರು. ಹೀಗೆ ಬರೆದ ಪತ್ರಗಳು ಮುಂದೆ ಸೆಕ್ಷನ್ 205ರ ರಕ್ಷಣೆ ಕೇಳುವಾಗಲೂ ನೆರವಾಗುತ್ತವೆ. ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದ್ದರೆ ಅದರ ಆಡಳಿತ ವಹಿಸಿಕೊಂಡ ದಿವಾಳಿ ವೃತ್ತಿಪರರಿಗೆ ಬರೆಯಬೇಕು. ಬಾಕಿ ಸಂಬಳದ ಹಕ್ಕುಮಂಡನೆಯೂ ಅವರಲ್ಲಿಯೇ.

ಗಡುವುಗಳು

ಆಡಿಟ್ ಬೇಕಿಲ್ಲದ ಸಂಬಳದಾರರ ರಿಟರ್ನ್‌ಗೆ ಸಾಮಾನ್ಯ ಗಡುವು ಜುಲೈ 31. ಕೆಲವು ವರ್ಷ ಸರ್ಕಾರ ಅದನ್ನು ವಿಸ್ತರಿಸುತ್ತದೆ. 2024–25ರ ಆದಾಯಕ್ಕೆ ಅದು 2025ರ ಸೆಪ್ಟೆಂಬರ್ 16ರವರೆಗೆ ಹೋಯಿತು. ಫಾರ್ಮ್ 16 ಬಂದಿಲ್ಲವೆಂಬುದು ತಡಕ್ಕೆ ಕಾರಣವಾಗಿ ಸಲ್ಲುವುದಿಲ್ಲ. ಡಿಸೆಂಬರ್ 31ರವರೆಗೆ ವಿಳಂಬ ರಿಟರ್ನ್ ಹಾಕಬಹುದಾದರೂ ಸೆಕ್ಷನ್ 234ಎಫ್‌ನಂತೆ 5,000 ರೂಪಾಯಿ ಶುಲ್ಕ ಬೀಳುತ್ತದೆ. ಒಟ್ಟು ಆದಾಯ 5 ಲಕ್ಷ ಮೀರದಿದ್ದರೆ 1,000. ಕಟ್ಟಬೇಕಾದ ತೆರಿಗೆ ಉಳಿದಿದ್ದರೆ ತಿಂಗಳಿಗೆ ಶೇ 1 ಬಡ್ಡಿಯೂ ಸೇರುತ್ತದೆ. ಆದ್ದರಿಂದ ಕೈಲಿರುವ ಆಧಾರಗಳಿಂದ ಗಡುವಿನೊಳಗೆ ಸಲ್ಲಿಸಿ, ಮುಂದೆ ಪ್ರಮಾಣಪತ್ರ ಬಂದು ಅಂಕಿ ಬೇರೆಯಾದರೆ ಪರಿಷ್ಕೃತ ರಿಟರ್ನ್ ಹಾಕುವುದು ರೂಢಿಯಲ್ಲಿರುವ ಕ್ರಮ.

ವಿಳಂಬದ ಗಡುವೂ ದಾಟಿದ ಮೇಲೆ ಎರಡು ದಾರಿಗಳಿವೆ. ಹೆಚ್ಚುವರಿ ತೆರಿಗೆ ಕಟ್ಟಬೇಕಾದವರಿಗೆ ಅಪ್‌ಡೇಟೆಡ್ ರಿಟರ್ನ್. 2025ರ ಹಣಕಾಸು ಕಾಯ್ದೆ ಅದರ ಅವಧಿಯನ್ನು 48 ತಿಂಗಳಿಗೆ ಏರಿಸಿತು. ಇದರಲ್ಲಿ ಮರುಪಾವತಿ ಕೇಳುವಂತಿಲ್ಲ. ಮರುಪಾವತಿ ಬರಬೇಕಾದವರು ಸೆಕ್ಷನ್ 119(2)(ಬಿ) ಅಡಿ ವಿಳಂಬ ಮನ್ನಿಸುವಂತೆ ಅರ್ಜಿ ಹಾಕಬೇಕು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಅದಕ್ಕೆ ಐದು ವರ್ಷಗಳ ಮಿತಿ. ಉದ್ಯೋಗದಾತರ ಲೋಪವನ್ನು ಇಲ್ಲಿ ಸಕಾರಣವಾಗಿ ಮುಂದಿಡಬಹುದು.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ಇದರ ಸಮಾನ ದಾಖಲೆ ಡಬ್ಲ್ಯೂ-2. ಉದ್ಯೋಗದಾತರು ಜನವರಿ 31ರೊಳಗೆ ಕೊಡಬೇಕು. ಫೆಬ್ರುವರಿ ಮುಗಿದರೂ ಬಾರದಿದ್ದರೆ ನೌಕರರು ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ತಿಳಿಸಬಹುದು. ಅದು ಉದ್ಯೋಗದಾತರಿಗೆ ಪತ್ರ ಬರೆಯುತ್ತದೆ. ಅಷ್ಟರಲ್ಲಿ ಏಪ್ರಿಲ್ 15ರ ಗಡುವು ಹತ್ತಿರವಾದರೆ ಫಾರ್ಮ್ 4852 ಎಂಬ ಬದಲಿ ನಮೂನೆಯಲ್ಲಿ ಕೊನೆಯ ಸಂಬಳ ಚೀಟಿಯ ಆಧಾರದ ಮೇಲೆ ಅಂದಾಜು ಅಂಕಿಗಳನ್ನು ಬರೆದು, ಅವನ್ನು ಹೇಗೆ ಕಂಡುಕೊಂಡದ್ದೆಂದು ವಿವರಿಸಿ ರಿಟರ್ನ್ ಜೊತೆ ಸಲ್ಲಿಸಬಹುದು. ನಂತರ ಡಬ್ಲ್ಯೂ-2 ಬಂದು ವ್ಯತ್ಯಾಸ ಕಂಡರೆ ಫಾರ್ಮ್ 1040-ಎಕ್ಸ್‌ನಿಂದ ತಿದ್ದುಪಡಿ. ಅಲ್ಲಿ ದುಡಿಯುತ್ತಿರುವ ಕನ್ನಡಿಗರು, ಕೆಲಸ ಬಿಟ್ಟು ಊರಿಗೆ ಮರಳಿದವರೂ ಸೇರಿ, ಬಳಸಬೇಕಾದದ್ದು ಇದೇ ದಾರಿ. ಬ್ರಿಟನ್‌ನಲ್ಲಿ ಪಿ60 ಎಂಬ ವಾರ್ಷಿಕ ಪತ್ರವನ್ನು ಮೇ 31ರೊಳಗೆ, ಕೆಲಸ ಬಿಡುವಾಗ ಪಿ45 ಕೊಡಬೇಕು.

ಭಾರತದಲ್ಲಿ ಫಾರ್ಮ್ 4852ಕ್ಕೆ ಸಮಾನವಾದ ನಮೂನೆ ಇಲ್ಲ. ಅಮೆರಿಕದಲ್ಲಿ ‘ನನ್ನ ಬಳಿ ಪತ್ರವಿಲ್ಲ, ಇದು ನನ್ನ ಲೆಕ್ಕ’ ಎಂದು ಮೊದಲೇ ಹೇಳಿಕೊಳ್ಳಲು ಒಂದು ಹಾಳೆ ಇದೆ. ಇಲ್ಲಿ ನೌಕರರು ಅದೇ ವಿವರಣೆಯನ್ನು ಬೇಡಿಕೆ ಬಂದ ಮೇಲೆ ಕೊಡಬೇಕಾಗುತ್ತದೆ.

ಹೊಸ ಕಾನೂನುಗಳು

2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಹಿಂದಿನ ವರ್ಷ (ಪ್ರೀವಿಯಸ್ ಇಯರ್), ತೆರಿಗೆ ನಿರ್ಧಾರಣಾ ವರ್ಷ ಎಂಬ ಜೋಡಿ ಹೆಸರುಗಳ ಬದಲು ಅದರಲ್ಲಿ ‘ತೆರಿಗೆ ವರ್ಷ’ ಒಂದೇ ಇದೆ. ಸಂಬಳದ ಮೇಲಿನ ಕಡಿತ ಸೆಕ್ಷನ್ 392ಕ್ಕೆ ಸರಿದಿದೆ. ಸಂಖ್ಯೆಗಳು ಬದಲಾದರೂ ಹಿಡಿಯುವುದು, ಕಟ್ಟುವುದು, ಪಟ್ಟಿ ಕೊಡುವುದು, ಪತ್ರ ಕೊಡುವುದು ಎಂಬ ಸರಪಳಿ ಹಾಗೆಯೇ ಉಳಿದಿದೆ.

ಇನ್ನೊಂದು ಬದಲಾವಣೆ ಕಾರ್ಮಿಕ ಕಾನೂನಿನದು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯ 50ನೇ ಸೆಕ್ಷನ್ ಪ್ರತಿ ಉದ್ಯೋಗದಾತರೂ ನೌಕರರಿಗೆ ಸಂಬಳ ಚೀಟಿ ಕೊಡಬೇಕೆಂದು ವಿಧಿಸುತ್ತದೆ. ಫಾರ್ಮ್ 16 ವರ್ಷಕ್ಕೊಮ್ಮೆ, ವರ್ಷ ಮುಗಿದ ಮೇಲೆ, ಕಂಪನಿ ಇನ್ನೂ ಉಸಿರಾಡುತ್ತಿದ್ದರೆ ಬರುವ ಪತ್ರ. ಸಂಬಳ ಚೀಟಿ ಸಂಬಳದ ಜೊತೆಗೇ ಬರುತ್ತದೆ. ಹಿಡಿದ ತೆರಿಗೆ ಎಷ್ಟೆಂದು ಅದರಲ್ಲಿ ಬರೆದಿದ್ದರೆ, ಸೆಕ್ಷನ್ 205ರ ರಕ್ಷಣೆಗೆ ಬೇಕಾದ ಸಾಕ್ಷಿ ಪ್ರತಿ ತಿಂಗಳೂ ನೌಕರರ ಕೈಯಲ್ಲೇ ಇರುತ್ತದೆ.